ಎಲೆಗೆ 'ಆಕು' ಅಂದ ಹುಡುಗ

(ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ, ಪೋಷಕರು ಮತ್ತು ಶಿಕ್ಷಕರ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಆಡಿದ ಮಾತು)

ಮುಂದೆ ಕೂತಿರುವ ತಾಯಂದಿರೇ, ಅಜ್ಜಿಯರೇ, ನನ್ನ ಜೊತೆಯ ಮೇಷ್ಟ್ರುಗಳೇ, ಮೇಡಂಗಳೇ, ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ಅಪ್ಪಂದಿರೂ ಒಳಗೆ ಬನ್ನಿ. ಚಾಪೆ ಖಾಲಿ ಇದೆ.

ಮಕ್ಕಳ ಓದಿನ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಒಂದನೇ ಕ್ಲಾಸು, ಎರಡನೇ ಕ್ಲಾಸು ಅನ್ನುತ್ತಲೇ ನನ್ನ ನೌಕರಿ ಮುಗಿಯಿತು. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದು. ಗೋಡೆಯ ಮೇಲೆ ವರ್ಣಮಾಲೆ ಚಾರ್ಟ್ ಇತ್ತು. ನಾನು ಕೋಲಿಟ್ಟು ಅಕ್ಷರ ತೋರಿಸುತ್ತಿದ್ದೆ, ಮಕ್ಕಳು ಹೇಳುತ್ತಿದ್ದರು. ಒಬ್ಬ ಹುಡುಗ ಮಾತ್ರ 'ಇ' ತೋರಿಸಿದರೆ 'ಎ' ಅನ್ನುತ್ತಿದ್ದ. 'ಎ' ತೋರಿಸಿದರೆ 'ಆ'. 'ಮ' ತೋರಿಸಿದರೆ 'ಚೆ'! ಎಷ್ಟು ತಿದ್ದಿದರೂ ಮಾರನೇ ದಿನ ಅದೇ ಕತೆ. ಒಂದು ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ 'ದಡ್ಡ' ಎಂದು ಬರೆದುಕೊಂಡೆ. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಹರಿದು ಹಾಕಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತು. ಅವನು ಅಂಗನವಾಡಿಯಿಂದ ತಂಗಿಯನ್ನು ಕರೆದುಕೊಂಡು ಬಂದು, ನನ್ನದೇ ಕೋಲು ಹಿಡಿದು ಪಾಠ ಮಾಡುತ್ತಿದ್ದ. ಇಲಿಯ ಚಿತ್ರ ತೋರಿಸಿ 'ಎಲುಕ' ಅಂದ. ಎಲೆ ತೋರಿಸಿ 'ಆಕು' ಅಂದ. ಮರ ತೋರಿಸಿ 'ಚೆಟ್ಟು' ಅಂದ. ನನಗೆ ಆಗ ಹೊಳೆಯಿತು. ಚಿತ್ರದ ಹೆಸರು ಯಾವ ಶಬ್ದದಿಂದ ಶುರುವಾಗುತ್ತದೋ ಅದೇ ಅಕ್ಷರ ಎಂದು ಹೇಳಿಕೊಟ್ಟವಳು ನಾನೇ. ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಮನೆಯಲ್ಲಿ ಇಲಿಗೆ ಎಲುಕ ಅನ್ನುವುದಾದರೆ ಆ ಅಕ್ಷರ 'ಎ' ಆಗಲೇಬೇಕಲ್ವಾ? ದಡ್ಡಿ ನಾನು. ಅವನ ಮನೆಮಾತು ತೆಲುಗು ಎಂದು ಊರಿಗೆಲ್ಲ ಗೊತ್ತು. ನನ್ನ ಚಾರ್ಟಿಗೆ ಗೊತ್ತಿರಲಿಲ್ಲ.

ಇದು ತೆಲುಗು ಮನೆಗಳ ವಿಷಯ ಮಾತ್ರ ಅಲ್ಲ. ಕೆಜಿಎಫ್ ಕಡೆ ತಮಿಳು ಮನೆಯ ಮಗುವಿಗೆ ಇಲಿ ಅಂದರೆ 'ಎಲಿ', ಎಲೆ ಅಂದರೆ 'ಇಲೈ'. ಎರಡೂ ಅಕ್ಷರ ಅದಲು ಬದಲು! ಉರ್ದು ಮನೆಯ ಮಗುವಿಗೆ ಇಲಿ 'ಚೂಹಾ'. ಬಾಗೇಪಲ್ಲಿ, ಚಿಂತಾಮಣಿಯ ಶಿಕ್ಷಕರನ್ನು ಕೇಳಿ ನೋಡಿ, ಅವರೂ ಇಂಥದ್ದೇ ಹೇಳುತ್ತಾರೆ.

ಆಮೇಲೆ ನಾನು ಹಳೆ ಕ್ಯಾಲೆಂಡರ್ ಹಿಂದೆ ನನ್ನದೇ ಚಾರ್ಟ್ ಬರೆದೆ. ಎರಡೂ ಭಾಷೆಯಲ್ಲಿ ಒಂದೇ ಶಬ್ದದಿಂದ ಶುರುವಾಗುವ ಪದ ಹುಡುಕಿದೆ. 'ಎ' ಅಂದರೆ ಎತ್ತು. ತೆಲುಗಿನಲ್ಲಿ ಎದ್ದು. 'ಇ' ಅಂದರೆ ಇಡ್ಲಿ, ಅದಕ್ಕೆ ಗಡಿಯೇ ಇಲ್ಲ. 'ಮ' ಅಂದರೆ ಮಲ್ಲಿಗೆ, ಅಲ್ಲಿ ಮಲ್ಲೆ. ಕೋತಿ ಎರಡರಲ್ಲೂ ಕೋತಿಯೇ. ಗುಡಿ ಗುಡಿಯೇ. ಮೇಕೆ ಅಲ್ಲಿ ಮೇಕ. ಅಮ್ಮ, ಅಕ್ಕ ಹೇಗೂ ಅಮ್ಮ, ಅಕ್ಕನೇ. ಖರ್ಚು ಒಂದು ಸ್ಕೆಚ್ ಪೆನ್. ಹದಿನೈದು ದಿನದಲ್ಲಿ ಆ ಹುಡುಗ ಇ, ಎ ತಪ್ಪುವುದು ನಿಂತಿತು.

ಇಲ್ಲಿ ಕೆಲವು ಪೋಷಕರು ಕೇಳುತ್ತಾರೆ. 'ಹಾಗಾದರೆ ಮನೆಯಲ್ಲಿ ತೆಲುಗು ಬಿಟ್ಟುಬಿಡೋಣವಾ ಮೇಡಂ?' ದಯವಿಟ್ಟು ಬಿಡಬೇಡಿ. ನಮ್ಮ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಕನ್ನಡಕ್ಕೆ 1983ರ ಜ್ಞಾನಪೀಠ ತಂದವರು ಅವರೇ. ಮಗುವಿನ ತಲೆಯಲ್ಲಿ ಮೊದಲು ಮಾತು ತುಂಬಿರಬೇಕು, ಯಾವ ಭಾಷೆಯದ್ದಾದರೂ ಸರಿ. ಕತೆ ಅಂದರೆ ಏನು, 'ಆಮೇಲೆ' ಅಂದರೆ ಏನು, 'ಯಾಕೆಂದರೆ' ಅಂದರೆ ಏನು ಎಂದು ತೆಲುಗಿನಲ್ಲಿ ಗೊತ್ತಿದ್ದ ಮಗು ಕನ್ನಡಕ್ಕೆ ಬೇಗ ಬರುತ್ತದೆ. ಎರಡೂ ಕಡೆ ಖಾಲಿ ಇದ್ದರೆ ಮೇಷ್ಟ್ರು ಏನು ಮಾಡಬೇಕು ಹೇಳಿ.

ಈಗ ಮೇಷ್ಟ್ರು ಮೇಡಂಗಳ ಕಡೆ ತಿರುಗುತ್ತೇನೆ. ಕನ್ನಡ ಓದುವುದು ಸುಲಭ, ಬರೆದ ಹಾಗೇ ಓದುತ್ತೇವೆ ಎನ್ನುತ್ತೇವೆ. ನಿಜವೇ. ಆದರೆ ಕಲಿಯಬೇಕಾದ ಗುರುತು ಎಷ್ಟು ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೆ 13 ಸ್ವರ ಕೂಡಿಸಿದರೆ 442 ರೂಪ. ಅದರ ಮೇಲೆ ಒತ್ತಕ್ಷರ. ಆರು ವರ್ಷದ ಮಗು ಇದನ್ನೆಲ್ಲ ಒಂದೇ ವರ್ಷದಲ್ಲಿ ನುಂಗಬೇಕು ಅಂದರೆ ಆಗುತ್ತದಾ? ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಯುವುದು ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ ಎಂದು ಕಂಡಿತು. ಎರಡನೇ ಕ್ಲಾಸಿನಲ್ಲಿ ಒತ್ತಕ್ಷರ ತಡವರಿಸಿದರೆ ಗಾಬರಿಯಾಗುವ ಕಾರಣವಿಲ್ಲ.

ಎಲ್ಲಿ ಎಡವುತ್ತಾರೆ ಎಂದು ಗಮನಿಸಿ. 'ವು' ಮತ್ತು 'ಮ' ಪಕ್ಕಪಕ್ಕ ಬರೆದು ನೋಡಿ, ದೊಡ್ಡವರಿಗೂ ಕಣ್ಣು ಕೀಲಿಸಿ ನೋಡಬೇಕು. ಸೂರ್ಯ ಪದದಲ್ಲಿ 'ರ್' ಬಾಯಲ್ಲಿ ಮೊದಲು ಬರುತ್ತದೆ, ಅರ್ಕಾವತ್ತು ಕಾಗದದ ಮೇಲೆ ಆಮೇಲೆ ಬರುತ್ತದೆ. ಮಗು 'ಸೂಯ್ರ' ಅಂದರೆ ಅದು ಕಂಡ ಹಾಗೆ ಓದಿದೆ ಅಷ್ಟೇ. ಇನ್ನು ಕಾಗುಣಿತ. 'ಕೊ' ತೋರಿಸಿದರೆ ಕೆಲವು ಮಕ್ಕಳು ತಲಕಟ್ಟಿನಿಂದ ಶುರುಮಾಡಿ ಕ, ಕಾ, ಕಿ, ಕೀ ಎಂದು ಬೆರಳು ಮಡಚುತ್ತಾ ಕೊ ತನಕ ಬರುತ್ತಾರೆ. ಅದು ಬಾಯಿಪಾಠ. ಓದಲ್ಲ. ನಾನು ಕಾಗುಣಿತ ಹೇಳಿಸುವುದನ್ನು ಬಿಡಲಿಲ್ಲ, ಮಕ್ಕಳಿಗೆ ಆ ರಾಗ ಇಷ್ಟ. ಆದರೆ ಆಮೇಲೆ ನಡುವಿನಿಂದ ಎತ್ತಿ ಕೇಳುತ್ತಿದ್ದೆ.

ಒಂದು ತಮಾಷೆ ಹೇಳುತ್ತೇನೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಮಗುವಿಗೆ ಅತಿ ಹತ್ತಿರದ ಪದಗಳು. ಎಲ್ಲದರಲ್ಲೂ ಒತ್ತು! ಒತ್ತಕ್ಷರವನ್ನು ನಾವು ಕೊನೆಗೆ ಇಡುತ್ತೇವೆ. ಅಲ್ಲಿವರೆಗೆ ಮಗು ತನ್ನ ಅಮ್ಮನನ್ನೇ ಓದುವಂತಿಲ್ಲ. ನಾನು ಮೊದಲ ವಾರದಲ್ಲೇ ಈ ಐದು ಪದಗಳನ್ನು ಬಿಡಿಸದೆ, ಇಡಿಯಾಗಿ ಬರೆದು ಅಂಟಿಸುತ್ತಿದ್ದೆ. ಒತ್ತು ಯಾಕೆ ಎಂದು ವಿವರಿಸಲು ಹೋಗಲಿಲ್ಲ. ಮುಖ ಗುರುತು ಹಿಡಿಯುವ ಹಾಗೆ ಹಿಡಿದರು.

ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಚಟುವಟಿಕೆ ಮಾಡಿಸುತ್ತಾ ಕಲಿಸುವ ನಲಿ-ಕಲಿ ಬಗ್ಗೆ ಪೋಷಕರ ದೂರು ಗೊತ್ತಿದೆ. 'ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತೀರಲ್ಲ' ಎಂದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ಇದು. ಅದಕ್ಕೆ ದಾರಿ ತೋರಿಸಿದ್ದು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆ, ನಮ್ಮ ಗಡಿ ದಾಟಿದರೆ ಸಿಗುತ್ತದೆ. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ದರ, ರಸ, ಅಗಸ, ಅರಸ, ಗರಗಸ ಓದುತ್ತದೆ. ಅ ಆ ಇ ಈ ಉ ಕಲಿತರೆ ಅವನ್ನು ಜೋಡಿಸಿ ಒಂದು ಪದವೂ ಹುಟ್ಟುವುದಿಲ್ಲ. ಆದರೆ ಒಂದು ಮಾತು. ಗರಗಸ ಎಂದು ಓದಿದ ನನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಏನೆಂದು ಗೊತ್ತಿರಲಿಲ್ಲ. ಬಡಗಿಯೊಬ್ಬರನ್ನು ಕರೆಸಿ ಒಂದು ಹಲಗೆ ಕೊಯ್ಯಿಸಿದೆ. ಆ ವರ್ಷ ಯಾರೂ ಗರಗಸ ಮರೆಯಲಿಲ್ಲ.

ಇನ್ನೊಂದು ವಿಷಯ ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮದಲ್ಲಿ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಎಂಬ ಗುರಿ ಇದೆ. ಗುರಿ ಇರಲಿ. ಆದರೆ 'ಹೋಗಬೇಕಾಗಿತ್ತಂತೆ' ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಐದಾರು ಪದವಾದರೂ ಬೇಕು. ಗಡಿಯಾರ ಹಿಡಿದು ಕೂತರೆ ಮಗು 'ಅರ್ಥ ಮಾಡಿಕೊಂಡು' ಎಂಬ ಭಾಗವನ್ನು ಬಿಟ್ಟು ಓಡುತ್ತದೆ. ನಾವೂ ಬಿಟ್ಟುಬಿಡುತ್ತೇವೆ.

ನನ್ನ ತರಗತಿಯ ಇಬ್ಬರು ನೆನಪಾಗುತ್ತಾರೆ. ಪುಸ್ತಕದಲ್ಲಿ 'ಅಪ್ಪ ಹೊಲಕ್ಕೆ ಹೋದ' ಎಂದಿತ್ತು. ಒಬ್ಬಳು ಒಂದಕ್ಷರ ತಪ್ಪದೆ ಗಡಗಡ ಓದಿದಳು. ಎಲ್ಲಿಗೆ ಹೋದರಮ್ಮ ಅಂದರೆ ಸುಮ್ನೆ ನನ್ನ ಮುಖ ನೋಡಿದಳು. ಇನ್ನೊಬ್ಬ 'ಅಪ್ಪ ಚೇನಿಕಿ ಹೋದ' ಎಂದು ಓದಿದ. ಹೊಲವನ್ನು ತೆಲುಗು ಮಾಡಿಬಿಟ್ಟ. ಇಬ್ಬರಲ್ಲಿ ಓದಿದವರು ಯಾರು? ಮೊದಲಿನವಳಿಗೆ ಪೂರ್ತಿ ಅಂಕ, ಎರಡನೆಯವನಿಗೆ ಕೆಂಪು ಗೆರೆ, ಇದು ನಮ್ಮ ಲೆಕ್ಕ. ನಾನಾದರೆ ಅವನಿಗೆ 'ಹೌದು ಕಣೋ, ಅಪ್ಪ ಹೊಲಕ್ಕೆ ಹೋದ' ಎಂದು ಕನ್ನಡದಲ್ಲಿ ಒಂದು ಸಲ ಹೇಳಿ ಮುಂದೆ ಹೋಗುತ್ತೇನೆ. ಅವಳ ಜೊತೆ ಜಾಸ್ತಿ ಹೊತ್ತು ಕೂರುತ್ತೇನೆ.

ದಿನಾ ಹತ್ತು ನಿಮಿಷ ಮಕ್ಕಳಿಗೆ ಕತೆ ಓದಿ ಹೇಳಿ. ಪುಸ್ತಕ ಅವರ ಕಡೆ ತಿರುಗಿಸಿ, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಓದಿ. ನಡುವೆ ನಿಲ್ಲಿಸಿ 'ಈಗ ಏನಾಗುತ್ತೆ ಹೇಳಿ' ಎನ್ನಿ. ಉತ್ತರ ತೆಲುಗಲ್ಲಿ ಬರಲಿ. ಕಣ್ಣಿನ ಪರೀಕ್ಷೆಯನ್ನೂ ಮರೆಯಬೇಡಿ, ಬೋರ್ಡ್ ಕಾಣದ ಮಗುವನ್ನು ಓದಲಾಗದ ಮಗು ಅಂದುಕೊಳ್ಳುವುದುಂಟು.

ಈಗ ತಾಯಂದಿರಿಗೆ. 'ನನಗೇ ಓದು ಬರಲ್ಲ, ನಾನೇನು ಹೇಳಿಕೊಡಲಿ' ಎಂದು ಎಷ್ಟು ಜನ ಕಣ್ಣಲ್ಲಿ ನೀರು ತಂದುಕೊಂಡಿದ್ದಾರೋ. ಹೇಳಿಕೊಡುವುದು ನಮ್ಮ ಕೆಲಸ. ನೀವು ಕೇಳಿಸಿಕೊಳ್ಳಿ. ಮುದ್ದೆ ತಿರುವುವಾಗ ಮಗು ಪಕ್ಕದಲ್ಲಿ ಕೂತು ಓದಲಿ, 'ಆಮೇಲೆ ಏನಾಯ್ತು?' ಎಂದು ಎರಡು ಸಲ ಕೇಳಿ. ಡೈರಿಗೆ ಹಾಲು ಹಾಕಲು ಹೋದಾಗ ಹಾಲಿನ ಪುಸ್ತಕದಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದು ಮಗುವನ್ನೇ ಹುಡುಕಲು ಹೇಳಿ. ನಂದಿನಿ ಪೊಟ್ಟಣ ಒಂದು ಪಾಠವೇ. ಒಂದು ಸೊನ್ನೆ, ಎರಡು ಗುಡಿಸು. ಬಸ್ಸಿನ ಬೋರ್ಡ್ ಇನ್ನೂ ಒಳ್ಳೆಯದು. ಶ್ರೀನಿವಾಸಪುರ ಎಂಬುದರ ಮೊದಲ ಅಕ್ಷರ 'ಶ್ರೀ' ನಮ್ಮ ಪುಸ್ತಕದಲ್ಲಿ ಬರುವುದು ತಡವಾಗಿ. ಮಾಮನ ಊರು ಅಲ್ಲೇ ಇದ್ದರೆ ಮಗು ನಾಲ್ಕು ವರ್ಷಕ್ಕೇ ಆ ಬಸ್ ಹತ್ತಲು ಓಡುತ್ತದೆ. ಅಜ್ಜಿಯರೇ, ರಾತ್ರಿ ಕತೆ ಹೇಳಿ. ನಿಮಗೆ ಬರುವ ಭಾಷೆಯಲ್ಲೇ ಹೇಳಿ.

ಮೊಬೈಲ್ ಕೊಡಬೇಡಿ ಎಂದು ಹೇಳಿ ಸಾಕಾಗಿದೆ, ಯಾರೂ ಕೇಳುವುದಿಲ್ಲ. ಕೊಡುವುದೇ ಆದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣ ತೆರೆಯಿರಿ. ದುಡ್ಡಿಲ್ಲ. ಚಿತ್ರದ ಕತೆಗಳಿವೆ, ಎಷ್ಟೋ ಕತೆಗಳು ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತವೆ. ತೆಲುಗು ಓದಲು ಬರುವ ತಾತ ಅದರಲ್ಲಿ ಓದಲಿ, ಮೊಮ್ಮಗಳು ಅದೇ ಚಿತ್ರದ ಕನ್ನಡ ಓದಲಿ. ಲಿಪಿಗಳು ಅಕ್ಕತಂಗಿಯರ ಹಾಗಿವೆ, ಒಂದು ವಾರದಲ್ಲಿ ತಾತನೂ ಕನ್ನಡ ಓದಿಬಿಡುತ್ತಾರೆ. ಪುಸ್ತಕವೇ ಬೇಕು ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹೆಸರು ಬರೆಸಿದವರು ಬಹಳ ಇದ್ದಾರೆ. ಪುಸ್ತಕ ಮನೆಗೆ ತಂದವರು ಇಲ್ಲಿ ಎಷ್ಟು ಜನ, ಕೈ ಎತ್ತಿ ನೋಡೋಣ.

ಮೂರು. ಸರಿ, ಆ ಮೂವರು ನಾಳೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.

ಆ ನೋಟ್‌ಬುಕ್ಕಿನ ಹುಡುಗ ಏನಾದ ಎಂದು ಕೇಳುತ್ತೀರಿ, ನನಗೆ ಗೊತ್ತು. ಇಲ್ಲೇ ಇದ್ದಾನೆ. ಮಗಳನ್ನು ಎರಡನೇ ಕ್ಲಾಸಿಗೆ ಬಿಡಲು ಬಂದವನು, ಬಾಗಿಲ ಹತ್ತಿರ ನಿಂತು ನಗುತ್ತಿದ್ದಾನೆ. ಇನ್ನೂ ಚಾಪೆ ಮೇಲೆ ಕೂತಿಲ್ಲ. ಈಗ ನೀವು ಪ್ರಶ್ನೆ ಕೇಳಿ. ತೆಲುಗಲ್ಲಿ ಕೇಳಿದರೂ ಆಗಬಹುದು.