ನೀರು ಬೇಕು, ಸಮುದ್ರ ಬೇಕಿಲ್ಲ

ವೇದಿಕೆ ಮೇಲಿರುವ ಪ್ರಾಂಶುಪಾಲರೇ, ದೈಹಿಕ ಶಿಕ್ಷಣ ವಿಭಾಗದ ಮೇಡಂ ಅವರೇ, ಕೆಲಸ ಬಿಟ್ಟು ಬಂದಿರುವ ತಂದೆತಾಯಿಯರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಕ್ರೀಡಾ ಸಂಘದ ಉದ್ಘಾಟನೆ ಅಂದರೆ ಕಬಡ್ಡಿ, ಖೋಖೋ ಮಾತು ಬರಬೇಕು. ಆ ಆಟಗಳನ್ನು ತುಮಕೂರಿನ ಹುಡುಗಿಯರಿಗೆ ನಾನು ಹೇಳಿಕೊಡಬೇಕಾದದ್ದೇನೂ ಇಲ್ಲ. ನಾನು ಇವತ್ತು ಹಾಯಿದೋಣಿ ಪಂದ್ಯದ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಹೆಣ್ಣುಮಕ್ಕಳ ಮ್ಯಾಚ್ ರೇಸಿಂಗ್ ಬಗ್ಗೆ.

ಗೇಟಿನ ಹತ್ತಿರ ಒಬ್ಬ ಹಿರಿಯರು ಕೇಳಿದರು: "ಅಲ್ಲಮ್ಮ, ಪಾವಗಡದ ಕಡೆ ಕುಡಿಯೋಕೇ ನೀರಿಲ್ಲ, ನೀನು ದೋಣಿ ಆಟ ಅಂತೀಯಲ್ಲ?" ಅವರ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ನೀರಿಗಾಗಿ ಬಿಂದಿಗೆ ಹೊತ್ತವಳೇ ನಾನೂ. ಆದರೆ ಹೇಮಾವತಿ ನೀರು ಬಂದ ಮೇಲೆ ನಮ್ಮ ಅಮಾನಿಕೆರೆ ಹೇಗಾಗಿದೆ ನೋಡಿದ್ದೀರಿ. ಕುಣಿಗಲ್ ಕಡೆ ಹೋದರೆ ಮಾರ್ಕೋನಹಳ್ಳಿ ಜಲಾಶಯವಿದೆ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು: ಈ ಆಟಕ್ಕೆ ನೀರು ಬೇಕು, ಸಮುದ್ರ ಬೇಕಿಲ್ಲ.

ಮೊದಲು ಈ ಹಗ್ಗ. ಒಂದು ಮಾರು ಉದ್ದ ಇದೆ. ತುದಿಯಲ್ಲಿ ಒಂದು ಕುಣಿಕೆ ಹಾಕಿದ್ದೇನೆ, ಬೋಲೈನ್ ಗಂಟು ಅಂತಾರೆ. ಎಷ್ಟು ಜಗ್ಗಿದರೂ ಕುಣಿಕೆ ಚಿಕ್ಕದಾಗುವುದಿಲ್ಲ. ಬೇಕೆಂದಾಗ ಗಂಟಿನ ಬೆನ್ನನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಮಡಿಸಿದರೆ ಬಿಚ್ಚಿಕೊಳ್ಳುತ್ತದೆ. ಮುಂದಿನ ಸಾಲಿಗೆ ಕೊಡುತ್ತೇನೆ, ನೋಡಿ ಹಿಂದಕ್ಕೆ ಕಳಿಸುತ್ತಾ ಹೋಗಿ. ಜಗ್ಗಿ ನೋಡಿ, ಪರವಾಗಿಲ್ಲ.

ನಮ್ಮಜ್ಜಿಯ ಊರು ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅವರ ಕಣ ಕೆರೆ ಏರಿಯ ಪಕ್ಕದಲ್ಲೇ ಇತ್ತು. ರಾಗಿ ತೂರುವ ಕಾಲಕ್ಕೆ ನಾವು ಮಕ್ಕಳೆಲ್ಲ ಅಲ್ಲೇ. ಮೊರದ ತುಂಬ ರಾಗಿ ಹೊಟ್ಟು ಹಿಡಿದುಕೊಂಡು ನಾಲ್ಕು ಜನ ಕಾಯುತ್ತಿದ್ದರು. ಗಾಳಿ ಇಲ್ಲ. ಬಿಸಿಲು. ನನ್ನ ಚಿಕ್ಕಪ್ಪ ಆಕಾಶ ನೋಡುತ್ತಿದ್ದರು, ಬೈಯುತ್ತಿದ್ದರು. ಅಜ್ಜಿ ಮಾತ್ರ ಕೆರೆ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ "ಎತ್ರೋ ಮೊರ, ಕೆರೆ ಮೈ ಕಪ್ಪಾಯ್ತು" ಅನ್ನುತ್ತಿದ್ದಳು. ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಮೊರ ತಲೆ ಮೇಲೆ ಎತ್ತುವಷ್ಟರಲ್ಲಿ ಗಾಳಿ ಬಂದು ಕೆನ್ನೆಗೆ ಬಡಿಯುತ್ತಿತ್ತು. ಹೊಟ್ಟು ಆಚೆ, ರಾಗಿ ಈಚೆ.

ಅವಳು ಇನ್ನೊಂದು ಮಾಡುತ್ತಿದ್ದಳು. ಒಂದು ಚಿಟಿಕೆ ಹೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಿಡುತ್ತಿದ್ದಳು. ಅದು ಬಿದ್ದ ಜಾಗ ನೋಡಿ, ಕಾಲಿನ ಹೆಬ್ಬೆರಳನ್ನು ಒಂದಿಷ್ಟೇ ಇಷ್ಟು ತಿರುಗಿಸಿ ನಿಲ್ಲುತ್ತಿದ್ದಳು. ಮೈ ಪೂರ್ತಿ ತಿರುಗಿಸುತ್ತಿರಲಿಲ್ಲ. ಹೆಬ್ಬೆರಳು ತಿರುಗಿದರೆ ಮೈ ತಾನೇ ತಿರುಗುತ್ತದೆ ಅನ್ನುವಳು. ಓದು ಬರಹ ಇಲ್ಲದ ಹೆಂಗಸು. ಗಾಳಿಯ ಲೆಕ್ಕ ಮಾತ್ರ ಅವಳಿಗೆ ಒಂದು ದಿನವೂ ತಪ್ಪಲಿಲ್ಲ.

ಮುಂದೆ ನಾನು ಮೈಸೂರಿನಲ್ಲಿ ಡಿಗ್ರಿ ಓದುವಾಗ ಎನ್‌ಸಿಸಿ ನೇವಲ್ ವಿಂಗ್ ಸೇರಿದೆ. ಅಲ್ಲಿ ಎಂಟರ್‌ಪ್ರೈಸ್ ಅನ್ನುವ ದೋಣಿ, ನೀಲಿ ಹಾಯಿ, ಇಬ್ಬರು ಕೂರುವುದು. ಮೊದಲ ವಾರ ನಮ್ಮ ಇನ್‌ಸ್ಟ್ರಕ್ಟರ್ ದಡದಿಂದ ಕೂಗುತ್ತಲೇ ಇದ್ದರು, "ಪಾನಿ ದೇಖೋ, ಪಾನಿ!" ಹಾಯಿ ನೋಡಬೇಡಿ, ನೀರು ನೋಡಿ ಅಂತ. ನೀರಿನ ಮೇಲೆ ಕಪ್ಪು ತೇಪೆಯಂತೆ ಸಣ್ಣ ಅಲೆ ಓಡಿ ಬಂದರೆ ಅಲ್ಲಿ ಗಾಳಿ ಜಾಸ್ತಿ ಇದೆ ಅಂತ ಅರ್ಥ. ಅವರು ತೋರಿಸಿದ ಕಡೆ ನೋಡಿದೆ. ಕೆರೆ ಮೈ ಕಪ್ಪಾಗಿತ್ತು! ನನಗೆ ಆ ಕ್ಷಣ ಅಜ್ಜಿ ಪಕ್ಕದಲ್ಲೇ ಕೂತಂತೆ ಆಯಿತು. ಈಗ ಹೇಳುವಾಗಲೂ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ಜಗತ್ತಿನ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಆಡುವವರು ನೋಡುವುದೂ ಇದನ್ನೇ. ಗಾಳಿ ಎಲ್ಲಿಂದ ಬರುತ್ತಿದೆ, ಯಾವಾಗ ಬಂದು ಮುಟ್ಟುತ್ತದೆ, ನಾನು ಎಷ್ಟು ತಿರುಗಬೇಕು. ಹಾಗಾಗಿ ಈ ಆಟ ನಮಗೆ ಹೊರಗಿನದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆಷಾಢದಲ್ಲಿ ಮಾಳಿಗೆ ಹತ್ತಿ ಪಟ ಹಾರಿಸುತ್ತೀರಲ್ಲ, ಆ ಸೂತ್ರದ ಜಗ್ಗಾಟವೇ ಹಾಯಿಯ ಹಗ್ಗದಲ್ಲೂ ಕೈಗೆ ಸಿಗುತ್ತದೆ.

ಸರಿ, ಮ್ಯಾಚ್ ರೇಸಿಂಗ್ ಅಂದರೆ ಏನು? ಸಾಮಾನ್ಯ ಹಾಯಿದೋಣಿ ರೇಸಿನಲ್ಲಿ ಇಪ್ಪತ್ತು, ಮೂವತ್ತು ದೋಣಿ ಒಟ್ಟಿಗೆ ಹೊರಡುತ್ತವೆ. ತೇರಿನ ದಿನದ ನೂಕುನುಗ್ಗಲು ಅಂದುಕೊಳ್ಳಿ. ಮ್ಯಾಚ್ ರೇಸಿಂಗ್ ಹಾಗಲ್ಲ, ಅದು ಕುಸ್ತಿ. ಎರಡೇ ದೋಣಿ. ಎರಡೂ ಒಂದೇ ಅಚ್ಚಿನವು. ಗೆದ್ದವರು ಒಬ್ಬರು, ಸೋತವರು ಒಬ್ಬರು. ಎರಡನೇ ಸ್ಥಾನ ಅನ್ನುವ ಸಮಾಧಾನ ಆ ರೇಸಿನಲ್ಲಿ ಇಲ್ಲ.

ಓಟ ಶುರುವಾಗುವ ಮೊದಲ ನಾಲ್ಕು ನಿಮಿಷ ನೋಡಬೇಕು ನೀವು. ಸ್ಟಾರ್ಟ್ ಲೈನಿನ ಆ ತುದಿಯಿಂದ ಒಬ್ಬರು, ಈ ತುದಿಯಿಂದ ಒಬ್ಬರು ಒಳಗೆ ಬರುತ್ತಾರೆ. ಒಬ್ಬರ ದೋಣಿಗೆ ನೀಲಿ ಬಾವುಟ, ಇನ್ನೊಬ್ಬರದಕ್ಕೆ ಹಳದಿ. ಎದುರುಬದುರು ನುಗ್ಗುತ್ತಾರೆ, ಮೂತಿಗೆ ಮೂತಿ ಕೊಟ್ಟು ಗಾಳಿಗೆ ಎದುರಾಗಿ ನಿಂತುಬಿಡುತ್ತಾರೆ, ಸುತ್ತುತ್ತಾರೆ, ಹಿಂದೆ ಬೀಳುತ್ತಾರೆ. ಕಬಡ್ಡಿಯಲ್ಲಿ ರೈಡರ್ ಬಂದಾಗ ಮೂಲೆಯವಳು ಕಾಲು ಕೊಟ್ಟು ಆಸೆ ತೋರಿಸುತ್ತಾಳಲ್ಲ, ಅದೇ ಥರ. ಎದುರಾಳಿಯನ್ನು ತಪ್ಪು ಮಾಡುವಂತೆ ಮಾಡುವುದೇ ಕಲೆ. ಗಾಳಿ ಎಡಗಡೆಯಿಂದ ಪಡೆಯುತ್ತಿರುವ ದೋಣಿ, ಬಲಗಡೆಯಿಂದ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಇದು ಮೂಲ ನಿಯಮ. ಬಿಡಲಿಲ್ಲ ಅಂತ ಎದುರಾಳಿ ದೂರಿದರೆ ಹಿಂದೆಯೇ ಸಣ್ಣ ಬೋಟಿನಲ್ಲಿ ಬರುತ್ತಿರುವ ಅಂಪೈರುಗಳು ತಕ್ಷಣ ಬಾವುಟ ಎತ್ತುತ್ತಾರೆ. ಹಸಿರು ಬಿಳಿ ಬಾವುಟ ಬಂದರೆ ಯಾರದೂ ತಪ್ಪಿಲ್ಲ. ನೀಲಿ ಬಂದರೆ ನೀಲಿಯವರಿಗೆ ದಂಡ, ಹಳದಿ ಬಂದರೆ ಹಳದಿಯವರಿಗೆ. ದಂಡ ಬಿದ್ದವರು ದೋಣಿಯನ್ನು ಒಂದು ಸುತ್ತು ತಿರುಗಿಸಿ ಮುಂದೆ ಹೋಗಬೇಕು. ಇಬ್ಬರಿಗೂ ಬಿದ್ದರೆ ಅದಕ್ಕಿದು ವಜಾ.

ಆಮೇಲೆ ಗಾಳಿಗೆ ಎದುರಾಗಿ ಹತ್ತುವುದು. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ದೇವರಾಯನದುರ್ಗ ಹತ್ತಿದ್ದೀರಲ್ಲ? ರಸ್ತೆ ನೇರ ಮೇಲಕ್ಕೆ ಹೋಗುತ್ತದಾ? ಇಲ್ಲ. ಎಡಕ್ಕೊಂದು ತಿರುವು, ಬಲಕ್ಕೊಂದು ತಿರುವು. ದೋಣಿಯೂ ಹಾಗೇ ಹತ್ತುತ್ತದೆ. ಆ ತಿರುವಿಗೆ ಟ್ಯಾಕ್ ಅನ್ನುತ್ತಾರೆ. ಮುಂದಿರುವ ದೋಣಿ ತನ್ನ ಹಾಯಿಯ ಮರೆಯನ್ನು ಹಿಂದಿನವರ ಮೇಲೆ ಹಾಕಿ ಗಾಳಿ ಕಟ್ಟಿಹಾಕುತ್ತದೆ. ಹಿಂದಿನವರು ತಪ್ಪಿಸಿಕೊಳ್ಳಲು ತಿರುಗುತ್ತಾರೆ, ಮುಂದಿನವರೂ ತಿರುಗುತ್ತಾರೆ. ಮತ್ತೆ ತಿರುಗು, ಮತ್ತೆ ತಿರುಗು. ತೋಳು ಸೋಲುತ್ತದೆ, ತಲೆ ಸೋಲಬಾರದು.

ಚುಕ್ಕಾಣಿ ಹಿಡಿಯುವವಳು ಸ್ಕಿಪ್ಪರ್. ಅವಳ ಕೈಯಲ್ಲಿರುವ ಕೋಲಿಗೆ ಟಿಲ್ಲರ್ ಅಂತ ಹೆಸರು. ಒಮ್ಮೆ ತಿಪಟೂರಿನ ಹುಡುಗಿಗೆ "ಟಿಲ್ಲರ್ ಗಟ್ಟಿಯಾಗಿ ಹಿಡಿಬೇಡ" ಅಂದರೆ, "ಮೇಡಂ, ನಮ್ಮನೇಲಿ ಟಿಲ್ಲರ್ ಇದೆ, ಗಟ್ಟಿಯಾಗಿ ಹಿಡೀದಿದ್ರೆ ತೋಟದ ಬದುಗೇ ನುಗ್ಗುತ್ತೆ" ಅಂದಳು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆ ಹುಡುಗಿ ದೋಣಿಯ ಟಿಲ್ಲರನ್ನು ಎರಡೇ ದಿನದಲ್ಲಿ ಕಲಿತಳು, ಅದನ್ನೂ ಹೇಳಬೇಕು.

ಈಗ 2012ರ ಮಾತು. ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಮ್ಯಾಚ್ ರೇಸಿಂಗ್ ಇತ್ತು. ವೇಮೌತ್ ಊರಿನ ಕಡಲಲ್ಲಿ 12 ದೇಶಗಳ ತಂಡ, ಎಲಿಯಟ್ ಅನ್ನುವ ಆರು ಮೀಟರ್ ದೋಣಿ, ಒಂದೊಂದರಲ್ಲಿ ಮೂವರು. ಫೈನಲ್ ಸ್ಪೇನ್‌ಗೂ ಆಸ್ಟ್ರೇಲಿಯಾಕ್ಕೂ. ಅದನ್ನು ನಾನು ಕೆಲವು ದಿನ ಆದಮೇಲೆ ಶಿರಾ ಗೇಟಿನ ಸೈಬರ್ ಸೆಂಟರ್‌ನಲ್ಲಿ ಕೂತು ನೋಡಿದೆ. ವಿಡಿಯೊ ನಿಂತು ನಿಂತು ಓಡುತ್ತಿತ್ತು. ದೊಡ್ಡ ಅಲೆ, ಜೋರು ಗಾಳಿ. ಒಂದು ರೇಸಿನಲ್ಲಿ ಆಸ್ಟ್ರೇಲಿಯಾದ ಸ್ಕಿಪ್ಪರ್ ಒಲಿವಿಯಾ ಪ್ರೈಸ್ ದೋಣಿಯಿಂದ ನೀರಿಗೆ ಬಿದ್ದರು. ಸರಿಯಾಗಿ ಅಲ್ಲೇ ವಿಡಿಯೊ ನಿಂತಿತು! ನಾನು ಕುರ್ಚಿ ತುದಿಗೆ ಬಂದಿದ್ದೆ. ಪಕ್ಕದಲ್ಲಿ ಅರ್ಜಿ ತುಂಬುತ್ತಿದ್ದ ಹುಡುಗನೂ ಬಗ್ಗಿ ನೋಡಿದ, "ಏನಾಯ್ತಕ್ಕ, ಸತ್ತೋದ್ರಾ?" ಅಂದ. ಇಲ್ಲಪ್ಪ, ಜೊತೆಯವರು ಮೇಲೆತ್ತಿಕೊಂಡರು. ಆ ರೇಸು ಹೋಯಿತು. ಆದರೂ ಪಂದ್ಯ ಐದನೇ ರೇಸಿನವರೆಗೂ ನಡೆಯಿತು. 3-2ರಲ್ಲಿ ಸ್ಪೇನಿನ ತಮಾರಾ ಎಚೆಗೋಯೆನ್, ಆಂಗೆಲಾ ಪುಮಾರಿಯೇಗಾ, ಸೋಫಿಯಾ ತೋರೊ ಚಿನ್ನ ಗೆದ್ದರು. ಫಿನ್ಲೆಂಡಿಗೆ ಕಂಚು.

ಅದೇ ಮೊದಲು, ಅದೇ ಕೊನೆ. ಮುಂದಿನ ಒಲಿಂಪಿಕ್ಸ್‌ನಿಂದ ಈ ಪಂದ್ಯವನ್ನು ತೆಗೆದುಬಿಟ್ಟರು. ನನಗೆ ಆ ಬೇಸರ ಇವತ್ತಿಗೂ ಹೋಗಿಲ್ಲ. ಆದರೆ ಆಟ ನಿಂತಿಲ್ಲ. ಹೆಣ್ಣುಮಕ್ಕಳ ಮ್ಯಾಚ್ ರೇಸಿಂಗ್ ವಿಶ್ವ ಚಾಂಪಿಯನ್‌ಷಿಪ್ ಇದೆ. ಫ್ರಾನ್ಸಿನ ಪೋಲೀನ್ ಕೂರ್ತ್ವಾ ಅದನ್ನು ಮತ್ತೆ ಮತ್ತೆ ಗೆದ್ದಿದ್ದಾರೆ.

ಈಗ ನಾನು ಒತ್ತಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಹಾಯಿದೋಣಿ ಶ್ರೀಮಂತರ ಆಟ ಅಂತಾರೆ. ಬೇರೆ ರೇಸುಗಳಲ್ಲಿ ಅದು ಬಹಳ ಮಟ್ಟಿಗೆ ನಿಜ. ದುಡ್ಡಿದ್ದವರ ಹಾಯಿ ಹೊಸದು, ಇಲ್ಲದವರದು ಹಳೆಯದು. ಆದರೆ ಮ್ಯಾಚ್ ರೇಸಿಂಗ್‌ನಲ್ಲಿ ದೋಣಿಯನ್ನು ಪಂದ್ಯ ನಡೆಸುವವರೇ ಕೊಡುತ್ತಾರೆ. ತಂಡಗಳು ದೋಣಿ ಬದಲಾಯಿಸಿಕೊಳ್ಳುತ್ತಾ ಆಡುತ್ತವೆ. ವಿಶ್ವ ಚಾಂಪಿಯನ್ ಕೂಡ ಬಟ್ಟೆ, ಲೈಫ್ ಜಾಕೆಟ್ ಹಿಡಿದುಕೊಂಡು ಬಂದು, ಕೊಟ್ಟ ದೋಣಿ ಹತ್ತುತ್ತಾಳೆ. ಇದಕ್ಕಿಂತ ನ್ಯಾಯ ಎಲ್ಲಿ ಸಿಗುತ್ತದೆ ಹೇಳಿ? ಕಲಿಯುವುದಕ್ಕೋ, ಒಂದೇ ಥರದ ಎರಡು ದೋಣಿ ಸಾಕು. ಎರಡೇ. ಮಕ್ಕಳ ಆಪ್ಟಿಮಿಸ್ಟ್ ದೋಣಿ ಎಂಟು ಅಡಿ ಉದ್ದವೂ ಇಲ್ಲ, ಎದೆಮಟ್ಟದ ನೀರಲ್ಲೂ ಓಡುತ್ತದೆ. ನೀರು ಬೇಕು, ಸಮುದ್ರ ಬೇಕಿಲ್ಲ.

ನಂಬಿಕೆ ಬರಲಿಲ್ಲವಾ? ಭೋಪಾಲಿಗೆ ಸಮುದ್ರ ಎಲ್ಲಿದೆ? ನಮಗಿಂತ ದೂರ. ಅಲ್ಲಿರುವುದು ಒಂದು ದೊಡ್ಡ ಕೆರೆ. ಅದರ ದಂಡೆಯಲ್ಲಿ ನ್ಯಾಷನಲ್ ಸೇಲಿಂಗ್ ಸ್ಕೂಲ್ ಮಾಡಿದರು. ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್ ಅಲ್ಲಿ ಕಲಿತು, 17ನೇ ವಯಸ್ಸಿಗೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಳು. 2018ರಲ್ಲಿ ಕಂಚು ಗೆದ್ದ ಹರ್ಷಿತಾ ತೋಮರ್ ಕೂಡ ಅದೇ ಕೆರೆಯವಳು. ಹೈದರಾಬಾದಿನ ಹುಸೇನ್ ಸಾಗರದಲ್ಲೂ ರಾಷ್ಟ್ರಮಟ್ಟದ ರೇಸು ನಡೆಯುತ್ತವೆ. ಅದೂ ಕೆರೆಯೇ. ಅವರ ಕೆರೆಗೆ ಆಗುವುದು ನಮ್ಮ ಕೆರೆಗೆ ಯಾಕಾಗಬಾರದು?

ಚೀಟಿ ಬಂತು. ಐದು ನಿಮಿಷ ಅಂತೆ. ಇನ್ನೂ ಮೂರು ಪುಟ ಇದೆ ನನ್ನ ಹತ್ತಿರ. ಇರಲಿ, ಬೇಗ ಹೇಳಿಬಿಡುತ್ತೇನೆ.

ಪೋಷಕರಿಗೆ ಒಂದು ಮಾತು. ಕೆರೆ ಹತ್ತಿರ ಹೋಗಬೇಡ ಅಂತ ಮಗಳಿಗೆ ಹೇಳುತ್ತೀರಿ. ಆ ಭಯಕ್ಕೆ ಕಾರಣ ಇದೆ, ಕೆರೆ ಎಷ್ಟು ಮಕ್ಕಳನ್ನು ನುಂಗಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ, ಮೊದಲು ಈಜು ಕಲಿಸಿ. ಈಜು ಬಂದರೂ ಲೈಫ್ ಜಾಕೆಟ್ ಇಲ್ಲದೆ, ದಡದಲ್ಲಿ ಕಾವಲಿಗೆ ಒಂದು ಮೋಟಾರ್ ಬೋಟ್ ಇಲ್ಲದೆ ಯಾವ ಹುಡುಗಿಯನ್ನೂ ನಾನು ನೀರಿಗೆ ಇಳಿಸುವುದಿಲ್ಲ.

ಎರಡನೆಯದು, ಕೆರೆಗೆ ಚರಂಡಿ ನೀರು ಬಿಡುವುದು ನಿಲ್ಲಬೇಕು. ದೋಣಿ ಮಗುಚುತ್ತದೆ, ನೀರು ಬಾಯಿಗೆ ಹೋಗುತ್ತದೆ. ಅದರ ಬಗ್ಗೆ ಇನ್ನೊಂದು ದಿನ ಪೂರ್ತಿ ಮಾತಾಡಬೇಕು.

ತಾರಿಣಿ ಹಡಗಿನಲ್ಲಿ ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು 254 ದಿನದಲ್ಲಿ ಭೂಮಿ ಸುತ್ತಿ ಬಂದ ಕಥೆಯನ್ನೂ ಹೇಳಬೇಕಿತ್ತು. ಚೆನ್ನೈನ ನೇತ್ರಾ ಕುಮನನ್ ಎರಡು ಒಲಿಂಪಿಕ್ಸ್ ಆಡಿದ್ದನ್ನೂ. ಆಗಲಿಲ್ಲ.

ಆಸಕ್ತಿ ಇರುವವರು ಇವತ್ತೇ ದೈಹಿಕ ಶಿಕ್ಷಣದ ಮೇಡಂ ಹತ್ತಿರ ಹೆಸರು ಬರೆಸಿ. ಮೊದಲ ಎರಡು ತಿಂಗಳು ಬರೀ ಈಜು ಮತ್ತು ಗಂಟು. ದೋಣಿ ಆಮೇಲೆ. ಭಾನುವಾರ ಬೆಳಿಗ್ಗೆ ಆರಕ್ಕೆ ಈಜುಕೊಳದ ಹತ್ತಿರ ನಾನೇ ಇರುತ್ತೇನೆ.

ಹಗ್ಗ ಎಲ್ಲಿಗೆ ಬಂತು? ಕೊನೇ ಸಾಲಾ? ಎತ್ತಿ ತೋರಿಸಮ್ಮ. ಅಯ್ಯೋ, ಕುಣಿಕೆ ಎಲ್ಲಿ ಹೋಯ್ತು? ಬಿಚ್ಚಿಬಿಟ್ಟೆಯಾ? ಹೆದರಬೇಡ, ಒಳ್ಳೆಯದಾಯ್ತು. ಹೆಬ್ಬೆರಳಲ್ಲೇ ಬಿಚ್ಚಿದೆ ತಾನೆ? ಹಗ್ಗ ತಗೊಂಡು ಇಲ್ಲಿ ಬಾ. ಮತ್ತೆ ಹಾಕುವುದು ಹೇಗೆ ಅಂತ ನಿನ್ನ ಕೈಯಲ್ಲೇ ಹಾಕಿಸುತ್ತೇನೆ.