ನಿವೃತ್ತಿಯ ನಂತರ, ವಾರಕ್ಕೆ ಎರಡು ಗಂಟೆ

ಕೇಳುಗರಿಗೆ ನಮಸ್ಕಾರ.

‘ಅರವತ್ತಕ್ಕೆ ಅರಳುಮರಳು’ ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಅದನ್ನು ನಂಬಿ ಕೂತವರಿಗೆ ನಷ್ಟವಿದೆ. ಅಮೆರಿಕದ ಒಹಾಯೊದಲ್ಲಿ 50 ವರ್ಷ ಮೇಲ್ಪಟ್ಟ 660 ಜನರನ್ನು ಎರಡು ದಶಕಕ್ಕೂ ಮೀರಿ ಗಮನಿಸಿದಾಗ, ಮುಪ್ಪನ್ನು ಒಳ್ಳೆಯ ಮನಸ್ಸಿನಿಂದ ಕಂಡವರು ಉಳಿದವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಸಂಶೋಧಕಿ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಲೆಕ್ಕವಿದು.

ಆದರೆ ‘ಉತ್ಸಾಹದಿಂದಿರಿ’ ಎಂದು ಉಪದೇಶಿಸಿದರೆ ಉತ್ಸಾಹ ಬರುವುದಿಲ್ಲ; ನಮ್ಮ ದಾರಿ ಕಾಯುವ ಕೆಲಸವೊಂದು ಬೇಕು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 60 ದಾಟಿದವರನ್ನು ತಂಡ ಕಟ್ಟಿ, ಮಕ್ಕಳಿಗೆ ನೆರವಾಗುವ ಸೇವೆಗೆಂದು ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗಳಿಗೆ ಕಳಿಸಿದರು. ಆರೋಗ್ಯವಂತರೇ ಸೇವೆಗೆ ಬರುತ್ತಾರೆ, ಸೇವೆಯಿಂದ ಆರೋಗ್ಯ ಬಂತೆನ್ನುವುದು ಹೇಗೆ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೇ ಅಲ್ಲಿ 702 ಜನರಲ್ಲಿ ಯಾರು ಶಾಲೆಗೆ, ಯಾರು ಬೇಡ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಶಾಲೆಗೆ ಹೋದ ಹೆಂಗಸರು ಹೋಗದವರಿಗಿಂತ ಹೆಚ್ಚು ನಡೆದರು. ಶಾಲೆಗೆ ಹೋಗಿ, ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡ ಗಂಡಸರಲ್ಲಿ, ನೆನಪಿಗೆ ಬೇಕಾದ ಮಿದುಳಿನ ಭಾಗ ಎರಡು ವರ್ಷಗಳಲ್ಲಿ ಕುಗ್ಗುವ ಬದಲು ತುಸು ಹಿಗ್ಗಿತ್ತು.

ಹದಿನೈದು ಗಂಟೆ ಎಲ್ಲರಿಗೂ ಆಗದು, ಬೇಕಾಗಿಯೂ ಇಲ್ಲ. ಸುಮಾರು 13,000 ಹಿರಿಯರ ಮೇಲಿನ 2020ರ ಅಧ್ಯಯನದಲ್ಲಿ ಇಂಥ ಸೇವೆಗೆ ವರ್ಷಕ್ಕೆ ಕನಿಷ್ಠ 100 ಗಂಟೆ, ಅಂದರೆ ವಾರಕ್ಕೆ ಎರಡು ಗಂಟೆ ಕೊಟ್ಟವರಲ್ಲೇ ಸಾವಿನ ಸಾಧ್ಯತೆ ಕಡಿಮೆ ಇತ್ತು. ಆದರೆ ಸಕ್ಕರೆ ಕಾಯಿಲೆ, ಪಾರ್ಶ್ವವಾಯುವಿನಂಥ ಕಾಯಿಲೆಗಳ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದಯವಿಟ್ಟು ಗುಳಿಗೆ ಬಿಡಬೇಡಿ.

ನಿಮ್ಮೂರಿನ ಸರ್ಕಾರಿ ಶಾಲೆಯಿಂದಲೇ ಶುರುಮಾಡಬಹುದು. ಮೊದಲು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ವಾರದಲ್ಲಿ ಒಂದೇ ದಿನ ಗೊತ್ತುಮಾಡಿಕೊಳ್ಳಿ. ಮೂರ್ನಾಲ್ಕು ಮಕ್ಕಳು ಸಾಕು. ಪಾಠ ಹೇಳಲು ಹೋಗಬೇಡಿ. ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿ. ಒತ್ತಕ್ಷರದಲ್ಲಿ ತಡವರಿಸಿದರೆ ಹತ್ತೆಣಿಸುವಷ್ಟು ತಾಳಿ, ಆಮೇಲೆ ಹೇಳಿಕೊಡಿ. ಕಿವಿ ಮಂದವಿದ್ದರೆ ಬೆಳಕು ಮಗುವಿನ ಮುಖದ ಮೇಲೆ ಬೀಳುವಂತೆ ಕೂರಿಸಿಕೊಳ್ಳಿ, ತುಟಿಯ ಚಲನೆ ಕಂಡರೆ ಮಾತು ತಿಳಿಯುತ್ತದೆ. ನೆಲದ ಮೇಲೆ ಕೂರಬೇಡಿ, ಮಂಡಿಗೆ ಕಷ್ಟ, ಕುರ್ಚಿ ಕೇಳಿ.

ಬಹಳ ಜನ ಕೆಡುವುದು ಮೊದಲ ತಿಂಗಳಲ್ಲೇ. ಹುರುಪಿನಿಂದ ವಾರಕ್ಕೆ ಐದು ದಿನ ಒಪ್ಪಿಕೊಳ್ಳುತ್ತಾರೆ, ಸುಸ್ತಾಗಿ ಪೂರ್ತಿ ನಿಲ್ಲಿಸುತ್ತಾರೆ, ‘ವಯಸ್ಸಾಯ್ತು’ ಎಂದುಕೊಳ್ಳುತ್ತಾರೆ. ತಪ್ಪು ವಯಸ್ಸಿನದಲ್ಲ, ವೇಳಾಪಟ್ಟಿಯದು. ಇಬ್ಬರು ಜೋಡಿಯಾಗಿ ಹೊರಟರೆ ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರು ನಡೆಸುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ಮೀರದಂತೆ ನೋಡಿಕೊಳ್ಳಿ, ರಕ್ತದ ಸಕ್ಕರೆ ತಟ್ಟನೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಇರಲಿ.