ಈ ರಸ್ತೆ ಯಾರದು?

ಎಲ್ಲರಿಗೂ ನಮಸ್ಕಾರ. ಹೊಲದ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ರೇಡಿಯೊ ಹಚ್ಚಿಕೊಂಡವರಿಗೆ, ಸೇಡಂ, ವಾಡಿ ಕಡೆಯಿಂದ ಸಿಮೆಂಟ್ ತುಂಬಿಕೊಂಡು ಹೊರಟ ಲಾರಿ ಡ್ರೈವರ್ ಅಣ್ಣಂದಿರಿಗೆ, ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೇಳುತ್ತಿರುವ ಅಕ್ಕಂದಿರಿಗೆ. ರಸ್ತೆ ಕಟ್ಟುವ ಕೆಲಸದಲ್ಲೇ ಆಯುಷ್ಯ ಕಳೆದವನು ನಾನು. ಆಕಾಶವಾಣಿಯವರು ದೇಶದ ರಸ್ತೆಗಳ ಬಗ್ಗೆ ಮಾತಾಡಿ ಅಂದರು. ಹೇಳೋಕೆ ಬಹಳ ಇದೆ. ಆದರೆ ಇವತ್ತು ಒಂದೇ ಒಂದು ಪ್ರಶ್ನೆ ನಿಮ್ಮ ತಲೆಯಲ್ಲಿ ಕೂತರೆ ನನಗೆ ಸಾಕು. ತೆಗ್ಗು ಕಂಡಾಗ ಬೈಯೋ ಮುಂಚೆ ಕೇಳಿ: ಈ ರಸ್ತೆ ಯಾರದು?

ಸರ್ಕಾರದ್ದು ಅಂತೀರಿ. ಯಾವ ಸರ್ಕಾರದ್ದು? ದೆಹಲಿಯದ್ದಾ, ಬೆಂಗಳೂರಿನದ್ದಾ, ಜಿಲ್ಲಾ ಪಂಚಾಯತಿಯದ್ದಾ, ಮಹಾನಗರ ಪಾಲಿಕೆಯದ್ದಾ? ನಿಮ್ಮ ಹೊಲಕ್ಕೆ ಪಹಣಿ ಇದ್ದ ಹಾಗೆ ರಸ್ತೆಗೂ ಒಂದು ದರ್ಜೆ ಇರುತ್ತದೆ. ಪಹಣಿ ನೋಡಿದರೆ ಹೊಲದ ಮಾಲೀಕ ಯಾರು ಅಂತ ಗೊತ್ತಾಗುತ್ತದೆ. ದರ್ಜೆ ನೋಡಿದರೆ ರಸ್ತೆಗೆ ಯಾರು ಜವಾಬ್ದಾರಿ ಅಂತ ಗೊತ್ತಾಗುತ್ತದೆ.

ಈ ದರ್ಜೆ ಹಾಕಿದ್ದು ಇವತ್ತು ನಿನ್ನೆ ಅಲ್ಲ. 1943ರಲ್ಲಿ, ಇನ್ನೂ ಬ್ರಿಟಿಷರಿದ್ದ ಕಾಲದಲ್ಲೇ, ಮುಖ್ಯ ಎಂಜಿನಿಯರುಗಳೆಲ್ಲ ನಾಗಪುರದಲ್ಲಿ ಸೇರಿ ರಸ್ತೆಗಳನ್ನು ವಿಂಗಡಿಸಿದರು. ಅದನ್ನು ಈಗಲೂ ನಾಗಪುರ ಯೋಜನೆ ಅಂತಲೇ ಕರೆಯುತ್ತಾರೆ. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ. ಇಷ್ಟೇ, ನೆನಪಿಟ್ಟುಕೊಳ್ಳೋಕೆ ಕಷ್ಟವೇನಿಲ್ಲ. ಮೊದಲನೆಯದು ಕೇಂದ್ರದ್ದು, 1956ರ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರ ಘೋಷಣೆ ಮಾಡಿದರೆ ಮಾತ್ರ ಅದು ರಾಷ್ಟ್ರೀಯ ಹೆದ್ದಾರಿ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ನಮ್ಮ ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಕಡೆಗೆ ಬರುತ್ತದೆ. ಊರೊಳಗಿನ ಓಣಿ ರಸ್ತೆ ಪಾಲಿಕೆಗೋ ಪುರಸಭೆಗೋ ಸೇರಿದ್ದು.

ನಮ್ಮ ದೇಶದಲ್ಲಿ ಎಲ್ಲ ಸೇರಿ 63 ಲಕ್ಷ ಕಿಲೋಮೀಟರಿಗೂ ಹೆಚ್ಚು ರಸ್ತೆ ಇದೆ. ಅಮೆರಿಕ ಬಿಟ್ಟರೆ ನಾವೇ. ಅದರಲ್ಲಿ ರಾಷ್ಟ್ರೀಯ ಹೆದ್ದಾರಿ ಸುಮಾರು 1 ಲಕ್ಷ 46 ಸಾವಿರ ಕಿಲೋಮೀಟರ್, ಅಂದರೆ ನೂರಕ್ಕೆ ಎರಡು ಪಾಲು ಚಿಲ್ಲರೆ. ಆದರೆ ದೇಶದ ರಸ್ತೆ ಸಂಚಾರದಲ್ಲಿ ನೂರಕ್ಕೆ 40 ಪಾಲು ಆ ಎರಡು ಪಾಲಿನ ಮೇಲೆಯೇ ಓಡುತ್ತದೆ. ಅದಕ್ಕೇ ಅವುಗಳ ಬಗ್ಗೆ ಇಷ್ಟು ಮಾತು.

ಇನ್ನೊಂದು ತಪ್ಪು ತಿಳುವಳಿಕೆ ಇದೆ, ಅದನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಬಹಳ ಮಂದಿ ನ್ಯಾಷನಲ್ ಹೈವೇ ಅಂದರೆ ಅಗಲ ರಸ್ತೆ, ನಡುವೆ ಡಿವೈಡರ್, ಟೋಲ್ ನಾಕಾ ಅಂತ ತಿಳಿದಿದ್ದಾರೆ. ದರ್ಜೆಗೂ ಅಗಲಕ್ಕೂ ಸಂಬಂಧ ಇಲ್ಲ. ಎರಡು ಗಾಡಿ ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕಾದ ಇಕ್ಕಟ್ಟಿನ ರಸ್ತೆಯೂ ರಾಷ್ಟ್ರೀಯ ಹೆದ್ದಾರಿ ಆಗಿರಬಹುದು. ಜೋಡಿ ರಸ್ತೆ ರಾಜ್ಯದ್ದೂ ಇರಬಹುದು. ಸುಮ್ನೆ ಅಗಲ ನೋಡಿ ಇದು ದೆಹಲಿಯವರದು ಅಂತ ತೀರ್ಮಾನ ಮಾಡಬೇಡಿ. ನಂಬರ್ ನೋಡಿ, ಕಲ್ಲು ನೋಡಿ.

ನಂಬರ್ ಅಂದೆ. ನನಗೆ ಬಹಳ ಇಷ್ಟದ ವಿಷಯ ಇದು. ಹಿಂದೆ ನಮ್ಮ ಹುಮನಾಬಾದ್ ಮೇಲೆ ಹೋಗುವ ಪುಣೆ-ಹೈದರಾಬಾದ್ ರಸ್ತೆ 9 ಇತ್ತು, ಹುಮನಾಬಾದಿನಿಂದ ಕಲಬುರಗಿ, ವಿಜಯಪುರ ಮೇಲೆ ಹುಬ್ಬಳ್ಳಿಗೆ ಹೋಗುವ ರಸ್ತೆ 218. ಹಳಬರು ಈಗಲೂ ಹಾಗೇ ಹೇಳುತ್ತಾರೆ. 2010ರಲ್ಲಿ ಇಡೀ ದೇಶದ ಹೆದ್ದಾರಿಗಳಿಗೆ ಹೊಸ ನಂಬರ್ ಕೊಟ್ಟರು, ಒಂದು ಲೆಕ್ಕ ಇಟ್ಟು ಕೊಟ್ಟರು. ಉತ್ತರ-ದಕ್ಷಿಣ ಹೋಗುವ ರಸ್ತೆಗೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದ ಹಾಗೆ ಏರುತ್ತಾ ಹೋಗುತ್ತದೆ. ನಮ್ಮಿಂದ ಪೂರ್ವಕ್ಕೆ ಹೈದರಾಬಾದ್-ಬೆಂಗಳೂರು ರಸ್ತೆ 44. ನಾಂದೇಡದಿಂದ ಬೀದರ್, ಹುಮನಾಬಾದ್, ಕಲಬುರಗಿ, ಜೇವರ್ಗಿ, ವಿಜಯಪುರ ಮುಟ್ಟಿ ಚಿತ್ರದುರ್ಗದವರೆಗೆ ಹೋಗುವ ನಮ್ಮ ರಸ್ತೆ 50. ಇನ್ನೂ ಪಶ್ಚಿಮಕ್ಕೆ ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ರಸ್ತೆ 52. ಸಮುದ್ರದ ದಂಡೆಗೆ, ಕಾರವಾರ ಮಂಗಳೂರಿಗೆ ಹೋದರೆ 66. ನೋಡಿದಿರಾ? ಪೂರ್ವ-ಪಶ್ಚಿಮ ರಸ್ತೆಗೆ ಬೆಸ ಸಂಖ್ಯೆ, ದಕ್ಷಿಣಕ್ಕೆ ಇಳಿದ ಹಾಗೆ ಏರುತ್ತದೆ. ಹುಮನಾಬಾದಿನದು 65, ಹುಬ್ಬಳ್ಳಿ-ಬಳ್ಳಾರಿ 67, ಮಂಗಳೂರು-ಬೆಂಗಳೂರು 75. ನಕ್ಷೆ ಕೈಯಲ್ಲಿ ಇಲ್ಲದಿದ್ದರೂ ಬೋರ್ಡಿನ ನಂಬರ್ ನೋಡಿ ನೀವು ಯಾವ ದಿಕ್ಕಿನ ರಸ್ತೆಯಲ್ಲಿದ್ದೀರಿ ಅಂತ ಹೇಳಬಹುದು.

ಮೂರು ಅಂಕಿ ಬಂತೆಂದರೆ ಅದು ಕವಲು. ಕೊನೆಯ ಎರಡು ಅಂಕಿ ಅದರ ಮೂಲ ರಸ್ತೆ ಹೇಳುತ್ತದೆ. ಕಲಬುರಗಿಯಿಂದ ವಾಡಿ, ಯಾದಗಿರಿ ಮೇಲೆ ಕೃಷ್ಣಾ ಕಡೆ ಹೋಗುವುದು 150, ಅಂದರೆ 50ರ ಕವಲು. ಜೇವರ್ಗಿಯಿಂದ ಶಹಾಪುರ, ಸುರಪುರ, ಲಿಂಗಸುಗೂರು ದಾಟಿ ಬಳ್ಳಾರಿ, ಹಿರಿಯೂರು, ಕಡೆಗೆ ಚಾಮರಾಜನಗರ ಮುಟ್ಟುವುದು 150ಎ. ನಮ್ಮ ಜೇವರ್ಗಿಯಲ್ಲಿ ಹುಟ್ಟಿದ ರಸ್ತೆ ರಾಜ್ಯದ ಆ ತುದಿ ಮುಟ್ಟುತ್ತದೆ ಅಂದರೆ ಖುಷಿ ಆಗಲ್ವಾ?

ಈಗ ಕಲ್ಲಿನ ವಿಷಯ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಇದಕ್ಕೆ ಒಂದು ಪ್ರಸಂಗ ಹೇಳಲೇಬೇಕು.

ನಾನು ನೌಕರಿಯಲ್ಲಿದ್ದಾಗ ಭೀಮಾ ನದಿ ಆಸುಪಾಸಿನ ಒಂದು ಹಳ್ಳಿಯಿಂದ ಹಿರಿಯ ರೈತರೊಬ್ಬರು ಬಂದರು. ತಲೆಗೆ ಪಟಗಾ, ಬಗಲಲ್ಲಿ ಬಟ್ಟೆ ಚೀಲ. ಚೀಲ ಬಿಚ್ಚಿ ಟೇಬಲ್ ಮೇಲೆ ಸುರುವಿದರು. ಬರೀ ಅರ್ಜಿಗಳು, ಪ್ರತಿಯೊಂದಕ್ಕೂ ಒಂದೊಂದು ಆಫೀಸಿನ ಸೀಲು. ಊರ ರಸ್ತೆ ದೊಡ್ಡ ರಸ್ತೆಗೆ ಕೂಡುವಲ್ಲಿ ಮೋರಿ ಕುಸಿದಿತ್ತು. ಮಳೆ ಬಂದರೆ ನೀರು ಅಡ್ಡ ಹರಿಯುತ್ತಿತ್ತು, ತೊಗರಿ ತುಂಬಿದ ಟ್ರಾಲಿಯ ಗಾಲಿ ಇಳಿದು ವಾಲುತ್ತಿತ್ತು, ಸಾಲಿಗೆ ಹೋಗುವ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. "ಎಲ್ಲಿಗಿ ಹೋದ್ರೂ ನಮ್ ವ್ಯಾಪ್ತಿಗಿ ಬರಂಗಿಲ್ಲ ಅಂತಾರ‍್ರೀ ಸಾಹೇಬ್ರ, ಮತ್ತ ಯಾರ ವ್ಯಾಪ್ತಿಗಿ ಬರ್ತದ ಅಂತ ಯಾರೂ ಹೇಳವಲ್ರು" ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. "ಕಾಕಾ, ಅಲ್ಲಿ ಕಲ್ಲಿನ ಮ್ಯಾಲ ಏನ್ ಬರದಾರ?" ಅಂತ ಕೇಳಿದೆ. "ಯಾವ ಕಲ್ಲು?" ಅಂದರು. ಆ ದಾರಿಯಲ್ಲೇ ಹುಟ್ಟಿ ಬೆಳೆದವರು, ಕಲ್ಲು ನೋಡಿರಲಿಲ್ಲ.

ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಕಲ್ಲು ಇತ್ತು, ಜಾಲಿ ಕಂಟಿಯೊಳಗೆ. ಡ್ರೈವರ್ ಕುಡಗೋಲು ತಂದು ಕಂಟಿ ಕಡಿದ. ಕಲ್ಲು ಒಂದು ಕಡೆ ವಾಲಿತ್ತು, ಅರ್ಧ ಎರಿ ಮಣ್ಣಿನಲ್ಲಿ ಹೂತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಮಾಸಿದ ಹಸಿರು ಬಣ್ಣ, ಕೆಳಗೆ ಊರಿನ ಹೆಸರು, ಕಿಲೋಮೀಟರ್. ಅಲ್ಲಿಂದ ಮುಂದೆ ನಡೆದರೆ ಒಂದು ಗಿಡ್ಡ ಕಲ್ಲು, ಅದರ ಮೇಲೆ 2 ಅಂತ ಬರೆದಿದೆ, ಇನ್ನೂ ಮುಂದೆ ಇನ್ನೊಂದು, 4 ಅಂತ. ಕೇಳುಗರೇ, ಈ ಗಿಡ್ಡ ಕಲ್ಲುಗಳು ಯಾಕೆ ಅಂತ ಗೊತ್ತಾ? 200 ಮೀಟರಿಗೆ ಒಂದು. 4 ಅಂದರೆ ಆ ಕಿಲೋಮೀಟರಿನಲ್ಲಿ 400 ಮೀಟರ್. ಮೋರಿ ಆ 4ರ ಪಕ್ಕದಲ್ಲೇ ಇತ್ತು. ರಸ್ತೆಯ ನಡುಗೆರೆಯಿಂದ ಟೇಪ್ ಹಿಡಿದು ಅಳೆದೆವು. ರಸ್ತೆ ಜಾಗದ ಗಡಿ ತೋರಿಸುವ ಹದ್ದಿನ ಕಲ್ಲು ಹುಡುಕಿದೆವು, ಅದೂ ಸಿಕ್ಕಿತು. ಮೋರಿ ದೊಡ್ಡ ರಸ್ತೆಯ ಹದ್ದಿನ ಒಳಗೇ ಇತ್ತು. ಇಷ್ಟು ದಿನ ಊರ ರಸ್ತೆಯವರು ಅದು ದೊಡ್ಡ ರಸ್ತೆಯದ್ದು ಅಂತಿದ್ದರು, ದೊಡ್ಡ ರಸ್ತೆಯವರು ಊರ ರಸ್ತೆಯದ್ದು ಅಂತಿದ್ದರು, ಯಾರೂ ಟೇಪ್ ಹಿಡಿದಿರಲಿಲ್ಲ.

ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟು ನಾಲ್ಕು ಸಾಲಿನ ಕಾಗದ ಬರೆಸಿದೆ. ರಸ್ತೆಯ ನಂಬರ್, ಎಷ್ಟನೇ ಕಿಲೋಮೀಟರ್, ಎಷ್ಟು ಮೀಟರ್, ಎಡಕ್ಕೋ ಬಲಕ್ಕೋ, ಏನು ಕೆಟ್ಟಿದೆ. ಅವರ ಹಳೇ ಅರ್ಜಿಗಳಲ್ಲಿ ಕಷ್ಟವೆಲ್ಲ ಇತ್ತು, ಮಕ್ಕಳ ಕಥೆ, ಟ್ರಾಲಿಯ ಕಥೆ, ಕೈ ಮುಗಿದು ಬೇಡಿಕೊಂಡದ್ದು. ಜಾಗ ಮಾತ್ರ ಇರಲಿಲ್ಲ. ಈ ನಾಲ್ಕು ಸಾಲಿಗೆ ನಮ್ಮದಲ್ಲ ಅನ್ನೋಕೆ ಯಾರಿಗೂ ಆಗಲಿಲ್ಲ. ಆ ಸಲದ ತೊಗರಿ ರಾಶಿ ಆಗುವಷ್ಟರಲ್ಲಿ ಹೊಸ ಪೈಪು ಬಿದ್ದಿತ್ತು.

ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಮೊದಲು ಕೇಳಿ, ಈ ರಸ್ತೆ ಯಾರದು? ಫೋಟೊ ತೆಗೆದು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸುತ್ತೀರಿ. ತೆಗ್ಗಿನ ಫೋಟೊ ಇರುತ್ತದೆ, ಕಲ್ಲಿನ ಫೋಟೊ ಇರಲ್ಲ. ಬರೀ ತೆಗ್ಗು ನೋಡಿ ಅದು ಎಲ್ಲಿಯದು ಅಂತ ಯಾವ ಎಂಜಿನಿಯರ್ ಹೇಳಬಲ್ಲ?

ಮಾತು ಉದ್ದ ಆಯಿತು, ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ನಮ್ಮ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲೆ ಎಂಥ ಡಾಂಬರು ಹಾಕಿದರೂ ಕೆಳಗೆ ಮುರುಮ್, ಅಂದರೆ ಗರಸು ಮಣ್ಣು, ಸರಿಯಾಗಿ ತುಂಬದಿದ್ದರೆ, ಪಕ್ಕದಲ್ಲಿ ನೀರು ಹೋಗೋಕೆ ಗಟಾರ ಇಲ್ಲದಿದ್ದರೆ ರಸ್ತೆ ಉಳಿಯಲ್ಲ. ಗಟಾರ ಮುಚ್ಚಿ ಹೊಲಕ್ಕೆ ದಾರಿ ಮಾಡಿಕೊಳ್ಳಬೇಡಿ, ಪೈಪ್ ಹಾಕಿ ಮಾಡಿಕೊಳ್ಳಿ. ಫರಸಿ, ಸಿಮೆಂಟ್ ಸಾಗಿಸುವ ಅಣ್ಣಂದಿರೇ, ಗಾಲಿಯ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು. ಎರಡಕ್ಕೆ ಹದಿನಾರು! ಓವರ್‌ಲೋಡ್ ಮಾಡಬೇಡಿ, ದಯವಿಟ್ಟು.

ಹಳ್ಳಿಯವರು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಬೋರ್ಡು ಓದಿ. 2000ನೇ ಇಸವಿಯ ಡಿಸೆಂಬರಿನಲ್ಲಿ ಶುರುವಾದ ಯೋಜನೆ ಅದು. ಅದರಲ್ಲಿ ರಸ್ತೆ ಮಾಡಿದ ಗುತ್ತಿಗೆದಾರರೇ 5 ವರ್ಷ ದುರಸ್ತಿ ನೋಡಿಕೊಳ್ಳಬೇಕು. ಆ 5 ವರ್ಷದೊಳಗೆ ಕಿತ್ತುಹೋದರೆ ಬಿಡಬೇಡಿ, ಕೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತ ಆದರೆ, ಗಾಡಿ ಕೆಟ್ಟು ನಿಂತರೆ, ರಸ್ತೆಗೆ ಅಡ್ಡ ಏನಾದರೂ ಬಿದ್ದಿದ್ದರೆ 1033ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ಮೊದಲು ಅವರು ಕೇಳುವುದು ಎಲ್ಲಿದ್ದೀರಿ ಅಂತ. ಆಗ ಧಾಬಾದ ಹೆಸರು ಹೇಳುತ್ತಾ ನಿಲ್ಲಬೇಡಿ. ಹಳದಿ ತಲೆಯ ಕಲ್ಲಿನ ತನಕ ನಡೆದು ಹೋಗಿ, ಅದರ ಮೇಲಿನ ನಂಬರ್ ಮತ್ತು ಕಿಲೋಮೀಟರ್ ಓದಿ ಹೇಳಿ. ನಮಸ್ಕಾರ.